ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

(ಶಿಕಾರಿ ಬಂಗಲೆ, ಮೀನು ಕ್ಯಾಂಪುಗಳ ಚರಿತ್ರೆಯಲ್ಲಿ ದುಡಿದವರ ಲೆಕ್ಕ)

1946ರಲ್ಲಿ ಕಬಿನಿ ಹೊಳೆಯಲ್ಲಿ ಒಂದು ಮಹಶೀರ್ ಮೀನು ಗಾಳಕ್ಕೆ ಬಿತ್ತು. ತೂಕ 120 ಪೌಂಡು. ಈಗಿನ ಲೆಕ್ಕದಲ್ಲಿ ಸುಮಾರು 54 ಕಿಲೋ, ಅಂದರೆ ಹೆಚ್ಚುಕಡಿಮೆ ಒಬ್ಬ ಆಳಿನ ತೂಕ. ಹಿಡಿದವರು ಮೈಸೂರಿನ ವ್ಯಾನ್ ಇಂಗೆನ್ ಸೋದರರಲ್ಲಿ ಒಬ್ಬರಾದ ಡಿ ವೆಟ್ ವ್ಯಾನ್ ಇಂಗೆನ್. ಗಾಳದ ಹವ್ಯಾಸದವರ ಪುಸ್ತಕಗಳಲ್ಲಿ ಆ ಮೀನು ಇವತ್ತಿಗೂ ಈಜುತ್ತಲೇ ಇದೆ. ಅದಕ್ಕೂ ಹಿಂದೆ, 1919ರಲ್ಲಿ, ಕಾವೇರಿಯಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಎಂಬ ಅಧಿಕಾರಿ ಹಿಡಿದದ್ದು 119 ಪೌಂಡಿನದು. ಒಂದೇ ಒಂದು ಪೌಂಡಿನ ವ್ಯತ್ಯಾಸವನ್ನೂ ಚರಿತ್ರೆ ಮರೆತಿಲ್ಲ ನೋಡಿ!

ಇಂಥ ದಾಖಲೆ ಪುಸ್ತಕಗಳಿಗೆ ಒಂದು ಕ್ರಮ ಉಂಟು. ಮೀನಿನ ತೂಕಕ್ಕೆ ಒಂದು ಕಾಲಂ. ಉದ್ದಕ್ಕೆ ಒಂದು ಕಾಲಂ. ಹಿಡಿದ ದೊರೆಯ ಹೆಸರಿಗೆ ಒಂದು, ಹೊಳೆಯ ಹೆಸರಿಗೆ ಒಂದು, ತಾರೀಖಿಗೆ ಒಂದು. ಹುಲಿ ಹೊಡೆದವರ ಪುಸ್ತಕವೂ ಅಷ್ಟೆ: ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಇಷ್ಟು ಅಡಿ, ಇಷ್ಟು ಅಂಗುಲ. ಹರಿಗೋಲು ಹಾಕಿದವನಿಗೆ ಕಾಲಂ ಇಲ್ಲ. ಹಳುವಿನೊಳಗೆ ನುಗ್ಗಿ ಹುಲಿ ಎಬ್ಬಿಸಿದವನಿಗೆ ಕಾಲಂ ಇಲ್ಲ. ಬಂಗಲೆಯ ಒಲೆಗೆ ಸೌದೆ ಹೊತ್ತವಳಿಗಂತೂ ಇಲ್ಲವೇ ಇಲ್ಲ. ಕ್ಯಾಂಪು ಎತ್ತಿದ ದಿನ ಇವರ ಕೈಗೆ ಬಂದ ಬಟವಾಡೆ ಎಷ್ಟು ಅನ್ನುವುದಕ್ಕೆ ಪುಸ್ತಕದ ಅಂಚಿನಲ್ಲೂ ಜಾಗ ಇಲ್ಲ.

ಈ ಬರಹ ಆ ಇಲ್ಲದ ಕಾಲಮ್ಮಿನ ಬಗ್ಗೆ. ಬೇಟೆ ಬಂಗಲೆ, ಮೀನು ಕ್ಯಾಂಪುಗಳ ಚರಿತ್ರೆಯನ್ನು ಅತಿಥಿ ಬಂದ ದಿನದಿಂದ ಬರೆಯುವುದು ರೂಢಿ. ನಾವು ಅದನ್ನು ಅತಿಥಿ ಹೊರಟ ದಿನದಿಂದ ನೋಡೋಣ. ಹಂಗಾಮು ಮುಗಿದು, ಗುಡಾರ ಬಿಚ್ಚಿ, ಲೆಕ್ಕ ಚುಕ್ತಾ ಆಗುವ ದಿನ ಅದು. ಯಾರು ಏನು ಹೊತ್ತುಕೊಂಡು ಹೋದರು ಅನ್ನುವುದು ಅವತ್ತೇ ಕಾಣುವುದು.

*

ನಮ್ಮ ಕಡೆಯಲ್ಲಿ ಈ ಕತೆ ಅರಮನೆಯಿಂದ ಶುರುವಾಗುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ, ಕಾರಾಪುರ ಮೈಸೂರು ಅರಸರ ಬೇಟೆಯ ಕಾಡು. ಇದೇ ಕಾಡಿನ ಇನ್ನೊಂದು ಹೆಸರು ಕೆಡ್ಡಾ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ನೌಕರ ಚಾಮರಾಜನಗರದ ಕಡೆ 1874ರಲ್ಲಿ ಮೊದಲ ಸಲ ಆನೆ ಹಿಂಡನ್ನು ಕೆಡ್ಡಾಕ್ಕೆ ಕೆಡವಿದ. ಮುಂದೆ ಕಾಕನಕೋಟೆಯ ಕೆಡ್ಡಾ ಲೋಕಪ್ರಸಿದ್ಧವಾಯಿತು. 1906ರಲ್ಲಿ ಇಂಗ್ಲೆಂಡಿನ ಯುವರಾಜ, ಆಮೇಲೆ ಐದನೇ ಜಾರ್ಜ್ ಆದವನು, ಮೈಸೂರಿಗೆ ಬಂದಾಗ ಅವನಿಗೆ ತೋರಿಸಿದ ದೊಡ್ಡ ತಮಾಷೆ ಇದೇ.

ತಮಾಷೆ ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಮಾಡುವುದಕ್ಕೆ? ತಿಂಗಳುಗಟ್ಟಲೆ ಕಾಡಿನಲ್ಲಿ ಮರ ಕಡಿಯಬೇಕು, ದೊಡ್ಡಿಯ ಗೂಟ ನೆಡಬೇಕು, ಕಂದಕ ತೋಡಬೇಕು. ಆನೆಯ ಹಿಂಡು ಎಲ್ಲಿದೆ ಅಂತ ಹೆಜ್ಜೆ ಹಿಡಿದು ನೋಡಬೇಕು. ರಾತ್ರಿಯಿಡೀ ಸುತ್ತ ಬೆಂಕಿ ಹಾಕಿಕೊಂಡು, ನಿದ್ದೆ ಬಿಟ್ಟು, ಹಿಂಡು ತಪ್ಪಿಹೋಗದ ಹಾಗೆ ಕಾಯಬೇಕು. ಕಡೆಗೆ ತಮಟೆ ಬಡಿದು, ಬೊಬ್ಬೆ ಹಾಕಿ, ಹೊಳೆ ದಾಟಿಸಿ ದೊಡ್ಡಿಗೆ ತುಂಬಬೇಕು. ತುಂಬಿದ ಮೇಲೆ ಒಳಗೆ ಇಳಿದು ಕಾಡಾನೆಯ ಕಾಲಿಗೆ ಹಗ್ಗ ಬಿಗಿಯಬೇಕು. ಆ ಹಗ್ಗ ಬಿಗಿದ ಕೈ ಜೇನುಕುರುಬರದು, ಬೆಟ್ಟಕುರುಬರದು, ಮಾವುತ ಕಾವಾಡಿಗಳದು. ದಡದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕುಳಿತ ಮೈ ಬೇರೆಯವರದು.

ಸ್ಯಾಂಡರ್ಸನ್ 1878ರಲ್ಲಿ ತನ್ನ ಕಾಡಿನ ಹದಿಮೂರು ವರ್ಷಗಳ ಅನುಭವದ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಕುರುಬರು ಬರುತ್ತಾರೆ, ಸೋಲಿಗರು ಬರುತ್ತಾರೆ, ಅವರ ಕಣ್ಣು ಕಿವಿಗಳ ಚುರುಕಿನ ಮಾತೂ ಬರುತ್ತದೆ. ಇರಲಿ. ಆದರೆ ಹೊಗಳಿಕೆ ಬೇರೆ, ಪಾಲು ಬೇರೆ. ಹಿಡಿದ ಆನೆಗಳು ಹರಾಜಾದವು, ಹಣ ಖಜಾನೆಗೆ ಹೋಯಿತು. ದೊಡ್ಡಿ ಕಳಚಿದರು. ದೊರೆಗಳು ಮೈಸೂರಿನ ಹಾದಿ ಹಿಡಿದರು. ಹೆಜ್ಜೆ ಹಿಡಿದವನು ತನ್ನ ಹಾಡಿಗೆ ವಾಪಸ್ಸಾದ, ಮುಂದಿನ ಬುಲಾವು ಬರುವ ತನಕ.

ಕಾಕನಕೋಟೆಯ ಕಡೇ ಕೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಕ್ಕೆ, 1974ರಲ್ಲಿ, ಕಬಿನಿ ಅಣೆಕಟ್ಟಿನ ನೀರು ನಿಂತಿತು. ಕೆಡ್ಡಾದ ಬಯಲು ಮುಳುಗಿತು, ಹಾಡಿಗಳೂ ಮುಳುಗಿದವು. ಉಳಿದ ಕಾಡು ಅಭಯಾರಣ್ಯವಾಗಿ, ಆಮೇಲೆ ನ್ಯಾಷನಲ್ ಪಾರ್ಕ್ ಆಗಿ, ಒಳಗಿದ್ದ ಕುರುಬರು ಹೊರಕ್ಕೆ ಬಿದ್ದರು. ಮಹಾರಾಜರ ಬಂಗಲೆ ಮಾತ್ರ ಕಾರಾಪುರದಲ್ಲಿ ನೀರಿನ ಅಂಚಿಗೆ ಸುಭದ್ರವಾಗಿ ಉಳಿಯಿತು. ಅದು ಪ್ರವಾಸಿಗಳ ಲಾಡ್ಜ್ ಆಯಿತು. ನೂರು ವರ್ಷ ದುಡಿದವನ ಗುಡಿಸಲು ಮುಳುಗುವ ಜಾಗದಲ್ಲೇ ಯಾಕೆ ಇರುತ್ತದೆ, ನೋಡಿ ಹೋದವನ ಬಂಗಲೆ ದಿಬ್ಬದ ಮೇಲೆ ಯಾಕೆ ಇರುತ್ತದೆ? ಇದು ಇಂಜಿನಿಯರುಗಳು ಉತ್ತರ ಹೇಳುವ ಪ್ರಶ್ನೆ ಅಲ್ಲ.

*

ಇನ್ನು ಚರ್ಮದ ಮಾತು.

ಊರಿನಲ್ಲಿ ಒಂದು ದನ ಸತ್ತರೆ ಅದನ್ನು ಎಳೆಯುವವರು ಯಾರು, ಸುಲಿಯುವವರು ಯಾರು, ಸುಲಿದ ತಪ್ಪಿಗೆ ಊರಾಚೆ ಇರುವವರು ಯಾರು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾದ್ದಿಲ್ಲ. ಆದರೆ ಅದೇ ಸುಲಿಯುವ ಕೆಲಸ ಶಿಕಾರಿ ಕ್ಯಾಂಪಿನಲ್ಲಿ ಆದಾಗ ಏನಾಗುತ್ತದೆ ನೋಡಿ. ಸತ್ತ ಹುಲಿಯ ಚರ್ಮವನ್ನೂ ಯಾರೋ ಸುಲಿಯಲೇಬೇಕು. ಬಿಸಿಲು ಏರುವ ಮುಂಚೆ ಸುಲಿದು, ಕೊಬ್ಬು ಹೆರೆದು, ಉಪ್ಪು ಬಳಿದು ಸುತ್ತಬೇಕು. ಇಲ್ಲದಿದ್ದರೆ ಕೂದಲು ಉದುರಿ ದೊರೆಯ ಶೌರ್ಯವೂ ಉದುರಿಹೋಗುತ್ತದೆ. ಹಾಗೆ ಉಪ್ಪು ಹಾಕಿದ ಚರ್ಮಗಳು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ ಬರುತ್ತಿದ್ದವು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಶುರುವಾಗಿ 1999ರ ತನಕ ನಡೆದ ಈ ಕಾರ್ಖಾನೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹುಲಿ ಚಿರತೆಗಳು ಹದವಾಗಿ, ಗಾಜಿನ ಕಣ್ಣು ಇಟ್ಟುಕೊಂಡು ಹೊರಬಿದ್ದವು. ಇಂಡಿಯಾದ ರಾಜರ ದಿವಾನಖಾನೆಗಳಿಗೆ, ಇಂಗ್ಲೆಂಡಿನ ಮನೆಗಳಿಗೆ ಹೋದವು.

ದನದ ಚರ್ಮ ಸುಲಿದರೆ ಮೈಲಿಗೆ, ಹುಲಿಯ ಚರ್ಮ ಗೋಡೆಗೆ ನೇತುಹಾಕಿದರೆ ಮರ್ಯಾದೆ. ಚರ್ಮ ಎರಡೂ ಚರ್ಮವೇ, ಕತ್ತಿಯೂ ಒಂದೇ, ಉಪ್ಪೂ ಒಂದೇ. ಬದಲಾದದ್ದು ಗೋಡೆ ಯಾರದು ಅನ್ನುವುದು ಮಾತ್ರ. ಹೊಳೆಯ ಮೇಲಿನ ಹರಿಗೋಲೂ ಹಿಂದೆ ಬಿದಿರಿನ ಬುಟ್ಟಿಗೆ ತೊಗಲು ಹೊದೆಸಿ ಮಾಡಿದ್ದೇ. ಪ್ಲಾಸ್ಟಿಕ್ಕು ಡಾಂಬರು ಬಂದದ್ದು ಆಮೇಲೆ. ಆ ತೊಗಲು ಹದ ಮಾಡಿದವನನ್ನು ಮುಟ್ಟಲಾರದವರು ಆ ತೊಗಲಿನ ಮೇಲೆ ಕುಳಿತು ಕಾವೇರಿ ದಾಟಿದರು. ನೀರಿನ ನಡುವೆ ಮಡಿ ಮೈಲಿಗೆ ನೆನಪಾದರೆ ಮುಳುಗಬೇಕಾಗುತ್ತದಲ್ಲ!

*

ಇದು ಮೈಸೂರಿನ ಕಾಡಿನ ಕತೆ ಮಾತ್ರ ಅಲ್ಲ. ಜಿಮ್ ಕಾರ್ಬೆಟ್‌ನ ಹುಲಿ ಕತೆ ಓದಿದವರಿಗೆಲ್ಲ ಹಿಮಾಲಯದ ತಪ್ಪಲಿನ ಕುಮಾವೂನ್ ಗೊತ್ತು. ಅಲ್ಲಿ ಕೂಲಿ ಬೇಗಾರ್ ಅಂತ ಒಂದು ಪದ್ಧತಿ ಇತ್ತು. ಸರ್ವೆಗೆ ಬಂದ ಅಧಿಕಾರಿ, ತಪಾಸಣೆಗೆ ಬಂದ ಅಧಿಕಾರಿ, ಶಿಕಾರಿಗೆ ಬಂದ ದೊರೆ, ಯಾರು ಬಂದರೂ ಅವರ ಗುಡಾರ, ಪೆಟ್ಟಿಗೆ, ಹಾಸಿಗೆ, ಬಂದೂಕನ್ನು ಊರಿನವರು ಬೆಟ್ಟ ಹತ್ತಿಸಿ ಹೊರಬೇಕು. ಯಾವ ಮನೆಯಿಂದ ಯಾವ ಆಳು ಅಂತ ಊರಿಗೊಂದು ರಿಜಿಸ್ಟರು. 1921ರ ಜನವರಿಯಲ್ಲಿ, ಸಂಕ್ರಾಂತಿಯ ಜಾತ್ರೆಗೆ ಬಾಗೇಶ್ವರದಲ್ಲಿ ಸೇರಿದ್ದ ಸಾವಿರಾರು ಜನ ಆ ರಿಜಿಸ್ಟರುಗಳನ್ನು ತಂದು ಸರಯೂ ಹೊಳೆಗೆ ಎಸೆದುಬಿಟ್ಟರು. ಇನ್ನು ಹೊರುವುದಿಲ್ಲ ಅಂದರು. ಹೊರಲಿಲ್ಲ. ಸರ್ಕಾರ ಆ ಪದ್ಧತಿಯನ್ನು ಕೈಬಿಡಬೇಕಾಯಿತು. ಬೇಟೆ ಕ್ಯಾಂಪಿನ ಚರಿತ್ರೆಯಲ್ಲಿ ನನಗೆ ಕಾಣುವ ದೊಡ್ಡ ದಿನ ಅದು. ಯಾವ ಹುಲಿಯೂ ಸಾಯದ ದಿನ.

ನಮ್ಮಲ್ಲಿ ಹಾಗೆ ಹೊಳೆಗೆ ಎಸೆಯುವ ರಿಜಿಸ್ಟರು ಬೇಕಾಗಿರಲಿಲ್ಲ. ಜಾತಿಯೇ ರಿಜಿಸ್ಟರು. ಅಮಲ್ದಾರರ ಸವಾರಿ ಬರುತ್ತದೆ ಅಂದರೆ ತಮಟೆ ಬಡಿದು ಸಾರುವವನು ತೋಟಿ, ಸೌದೆ ನೀರು ಒದಗಿಸುವವನು ತೋಟಿ, ಮುಂದಿನ ಊರಿಗೆ ದಾರಿ ತೋರಿಸುವವನು ತೋಟಿ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಅಂಬೇಡ್ಕರರು ಮಹಾರಾಷ್ಟ್ರದಲ್ಲಿ ಮಹಾರ್ ವತನದ ಮೇಲೆ ಹೋರಾಡಿದ್ದು ಇದಕ್ಕೇ. ವಂಶದ ಚಾಕರಿಗೆ ಕೊಡುವ ಚೂರು ಜಮೀನು, ಒಂದಿಷ್ಟು ಕಾಳು, ಇವು ಸಂಬಳ ಅಲ್ಲ, ಸರಪಳಿ ಅಂತ ಅವರು 1928ರಲ್ಲೇ ಮುಂಬಯಿ ಶಾಸನಸಭೆಯ ಮುಂದೆ ಮಸೂದೆ ಇಟ್ಟರು. ನಮ್ಮ ರಾಜ್ಯದಲ್ಲಿ ಗ್ರಾಮಹುದ್ದೆ ರದ್ದಿನ ಕಾನೂನು ಬಂದದ್ದು 1961ರಲ್ಲಿ. ಕಾನೂನು ಬಂತು, ಹುದ್ದೆ ಹೋಯಿತು. ಆದರೆ ದೊರೆ ಬಂದರೆ ಎದ್ದು ಓಡುವ ಕಾಲಿಗೆ ಆ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ.

*

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬಂದೂಕು ಕೆಳಗಿಳಿಯಿತು. ಇಳಿಯಲೇಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನಲವತ್ತು ಸಾವಿರ ಚರ್ಮದ ಲೆಕ್ಕ ನೋಡಿದ ಮೇಲೂ ಬೇಟೆ ಬೇಕು ಅನ್ನುವವನು ಮನುಷ್ಯನಲ್ಲ. ಆದರೆ ಬಂದೂಕು ಇಳಿದ ಕೈಗೆ ಗಾಳದ ಕೋಲು ಬಂತು, ಕ್ಯಾಮೆರಾ ಬಂತು. ಬಂಗಲೆ ಬಾಗಿಲು ಹಾಕಲಿಲ್ಲ, ಬೋರ್ಡು ಬದಲಾಯಿಸಿತು.

1978ರಲ್ಲಿ ಇಂಗ್ಲೆಂಡಿನ ಮೂವರು ಗಾಳದ ಹುಚ್ಚಿನ ಯುವಕರು ಇಂಡಿಯಾದ ಹೊಳೆಗಳನ್ನೆಲ್ಲ ಸುತ್ತಿ ಕಡೆಗೆ ಕಾವೇರಿಗೆ ಬಂದರು. ಬೆನ್ನು ಗೂನಾಗಿ ಉಬ್ಬಿದ ದೊಡ್ಡ ಮಹಶೀರ್ ಇಲ್ಲಿ ಇನ್ನೂ ಇದೆ ಅಂತ ಲೋಕಕ್ಕೆ ಸಾರಿದರು. ಅವರು ಆ ಮೀನನ್ನು ಮತ್ತೆ ಕಂಡುಹಿಡಿದರು ಅಂತ ಪುಸ್ತಕಗಳು ಬರೆಯುತ್ತವೆ. ಕಂಡುಹಿಡಿಯುವುದಕ್ಕೆ ಅದು ಕಳೆದುಹೋಗಿತ್ತೇ? ಸಂಗಮದಿಂದ ಮೇಕೆದಾಟಿನ ತನಕ, ಮುತ್ತತ್ತಿಯ ಮಡುವಿನಲ್ಲಿ, ದಡದ ಬೆಸ್ತರಿಗೆ, ದನ ಕಾಯುವ ಹುಡುಗರಿಗೆ ಅದು ಯಾವತ್ತೂ ಕಳೆದಿರಲಿಲ್ಲ. ಕಳೆದದ್ದು ಇಂಗ್ಲಿಷ್ ಪುಸ್ತಕದಿಂದ. ಪುಸ್ತಕಕ್ಕೆ ಮತ್ತೆ ಸೇರಿದ್ದನ್ನೇ ಲೋಕ ಕಂಡುಹಿಡಿಯುವುದು ಅನ್ನುತ್ತದೆ.

ಆಮೇಲೆ ಕ್ಯಾಂಪುಗಳು ಬಂದವು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಕಂಪನಿ 1980ರಲ್ಲಿ ಹುಟ್ಟಿತು. ಮಳವಳ್ಳಿ ಕನಕಪುರ ಸೀಮೆಯ ಕಾವೇರಿ ದಡದಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಹೆಸರುಗಳು ಲಂಡನ್ನಿನ ಗಾಳಗಾರರ ಬಾಯಲ್ಲಿ ಆಡಿದವು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಜೀವಂತ ಹೊಳೆಗೆ ಬಿಡುವುದು ಇಲ್ಲಿನ ನಿಯಮ. ಡೈನಮೈಟ್ ಸಿಡಿಸಿ ಮಡುವಿಗೆ ಮಡುವನ್ನೇ ಬರಿದು ಮಾಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಕ್ಯಾಂಪಿನ ಕಾವಲು ಆ ನೀರನ್ನು ಕಾಪಾಡಿತು ಅನ್ನುವುದು ಸುಳ್ಳಲ್ಲ. ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರನ್ನೇ ಕರೆದು ಗೈಡ್ ಮಾಡಿಕೊಂಡದ್ದೂ ನಿಜ. ಕೇಸು ಹಾಕಿಸಿಕೊಳ್ಳುವವನಿಗೆ ಕೆಲಸ ಸಿಕ್ಕಿತು. ಒಳ್ಳೆಯದನ್ನು ಒಳ್ಳೆಯದು ಅನ್ನೋಣ.

ಆದರೆ ಕೆಲಸ ಅಂದರೆ ಎಂಥ ಕೆಲಸ? ಹೊಳೆಯ ನೀರಿನೊಳಗೆ ಬಂಡೆ ಎಲ್ಲಿದೆ, ಸುಳಿ ಎಲ್ಲಿದೆ, ಯಾವ ಹೊತ್ತಿನಲ್ಲಿ ಮೀನು ಯಾವ ಮಡುವಿನಿಂದ ಏರುತ್ತದೆ, ಇದು ಕಣ್ಣಿಗೆ ಕಾಣುವ ವಿದ್ಯೆ ಅಲ್ಲ. ಮೇಲಿನ ಅಲೆ ನೋಡಿ ಕೆಳಗಿನ ಕಲ್ಲು ಹೇಳಬೇಕು. ಗಾಳದ ದಾರ ಬಂಡೆಗೆ ಸಿಕ್ಕಿದರೆ ಮೊಸಳೆ ಇರುವ ನೀರಿಗೆ ಇಳಿದು ಬಿಡಿಸಬೇಕು. ದೊಡ್ಡ ಮೀನು ಕಚ್ಚಿ ಓಡಿದರೆ ಹರಿಗೋಲನ್ನು ಅದರ ಹಿಂದೆ ಬಿಡಬೇಕು. ಒಂದೇ ಹುಟ್ಟು, ಬುಟ್ಟಿಯಂಥ ದುಂಡನೆ ದೋಣಿ, ಕೆಳಗೆ ಬಂಡೆಗಳ ಸಾಲು. ಅತಿಥಿಯ ಕಣ್ಣು ಗಾಳದ ತುದಿಯ ಮೇಲೆ, ಗೈಡಿನ ಒಂದು ಕಣ್ಣು ನೀರಿನ ಮೇಲೆ, ಇನ್ನೊಂದು ಕಣ್ಣು ದಡಕ್ಕೆ ನೀರು ಕುಡಿಯಲು ಬರುವ ಆನೆಯ ಮೇಲೆ.

ಆ ಗಾಳಕ್ಕೆ ಸಿಕ್ಕಿಸುವ ಎರೆ ಯಾವುದು ಗೊತ್ತೇ? ರಾಗಿ. ರಾಗಿ ಹಿಟ್ಟನ್ನು ನಾದಿ, ಮಸಾಲೆ ಬೆರೆಸಿ, ಬೇಯಿಸಿ, ಗಟ್ಟಿಯಾಗಿ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚುತ್ತಾರೆ. ಕಾವೇರಿಯ ಮಹಶೀರ್ ಹಿಡಿಯುವುದಕ್ಕೆ ಲೋಕದ ಗಾಳಗಾರರಿಗೆಲ್ಲ ಗೊತ್ತಿರುವ ಎರೆ ಇದು. ಹಿಟ್ಟಿನ ಹದ ತಪ್ಪಬಾರದು. ಮೆತ್ತಗಾದರೆ ನೀರಿನಲ್ಲಿ ಕರಗುತ್ತದೆ, ಗಟ್ಟಿಯಾದರೆ ಮೀನು ಮುಟ್ಟುವುದಿಲ್ಲ. ಈ ಹದ ಯಾವ ಕಾಲೇಜಿನಲ್ಲಿ ಕಲಿಸಿದ್ದು? ನಮ್ಮ ಅವ್ವಂದಿರ ಒಲೆಯ ಮುಂದೆ ಕಲಿತದ್ದು. ಒಂದು ಕಾಲಕ್ಕೆ ವರ್ಷವಿಡೀ ಜೀತ ಮಾಡಿದವನಿಗೆ ಯುಗಾದಿಯ ದಿನ ಅಳೆದು ಹಾಕುತ್ತಿದ್ದದ್ದೂ ಇದೇ ರಾಗಿ. 1976ರಲ್ಲಿ ಜೀತ ರದ್ದಾಯಿತು ಅಂತ ಪಾರ್ಲಿಮೆಂಟು ಹೇಳಿತು. ರಾಗಿ ಮುದ್ದೆಯನ್ನು ಗಾಳಕ್ಕೆ ಕಟ್ಟಿ ಹಿಡಿಯುವ ವಿದ್ಯೆ ಊರಿನ ಗೌಡರಿಗೆ ಮೊದಲೇ ಗೊತ್ತಿತ್ತು, ಸ್ವಾಮಿ. ಅವರು ಹಿಡಿದದ್ದು ಮೀನನ್ನಲ್ಲ, ಅಷ್ಟೆ. ಹಿಡಿದದ್ದನ್ನು ವಾಪಸ್ಸು ಬಿಡುವ ನಿಯಮವೂ ಅವರಿಗೆ ಇರಲಿಲ್ಲ.

*

ಈಗ ಹಂಗಾಮಿನ ಕಡೆಯ ದಿನಗಳಿಗೆ ಬರೋಣ.

ಗಾಳದ ಕಾಲ ಅಂದರೆ ನೀರು ಇಳಿದ ಕಾಲ. ಚಳಿ ಕಳೆಯುತ್ತ ಶುರುವಾಗಿ ಬೇಸಿಗೆಯ ಜತೆ ಬೆಳೆಯುತ್ತದೆ. ಕೊಡಗಿನಲ್ಲಿ ಮಳೆ ಹಿಡಿದು ಕೆಂಪು ನೀರು ಬಂತು ಅಂದರೆ ಆಟ ಮುಗಿಯಿತು. ಯುಗಾದಿ, ಹೊಸತೊಡಕು, ಊರ ಮಾರಿಹಬ್ಬ ಎಲ್ಲ ಬರುವುದು ಈ ನಡುವೆಯೇ. ಊರಲ್ಲಿ ಬಾಡು ಬೇಯುವ ದಿನ ಇವನು ಹೊಳೆಯ ನಡುವೆ ಇನ್ನೊಬ್ಬನಿಗೆ ಮೀನು ತೋರಿಸುತ್ತ ಕೂತಿರಬೇಕು. ಹಬ್ಬ ಅಂತ ಹೊರಟರೆ ಆ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ದಡದಲ್ಲಿ ಕಾಯುತ್ತಿರುವ ಹೊಟ್ಟೆಗಳಿಗೆ ಏನು ಕಮ್ಮಿ?

ಕ್ಯಾಂಪು ಎತ್ತುವುದು ಅಂದರೆ ಅದೇ ಒಂದು ದೊಡ್ಡ ದುಡಿಮೆ. ಗುಡಾರ ಬಿಚ್ಚಿ, ಮಣ್ಣು ಕೊಡವಿ, ಒಣಗಿಸಿ ಮಡಿಸಬೇಕು. ಇಲಿ ಗೆದ್ದಲು ಮುಟ್ಟದ ಹಾಗೆ ಹಾಸಿಗೆ ಕಟ್ಟಿ ಮೇಲಿಡಬೇಕು. ಹರಿಗೋಲುಗಳನ್ನು ಪ್ರವಾಹಕ್ಕೆ ಸಿಕ್ಕದ ಎತ್ತರಕ್ಕೆ ಹೊತ್ತು, ಬೋರಲು ಹಾಕಿ, ಬಿದಿರು ಸೀಳಿದ ಕಡೆ ಕಟ್ಟಿ, ಡಾಂಬರು ಬಳಿಯಬೇಕು. ಗಾಳದ ಕೋಲುಗಳನ್ನು ಒರೆಸಿ, ಎಣ್ಣೆ ಮುಟ್ಟಿಸಿ, ಬೀಗದೊಳಗೆ ಇಡಬೇಕು. ಪಾತ್ರೆ ಎಣಿಸಬೇಕು. ತಿಂಗಳುಗಟ್ಟಲೆ ಕಸ ಗುಡಿಸಿ, ನೀರು ಹೊತ್ತು, ಪಾತ್ರೆ ಬೆಳಗಿದ ಹೆಂಗಸರು ಕಡೇ ಸಲ ಅಂಗಳ ಗುಡಿಸುತ್ತಾರೆ. ಎರಡು ಮಳೆಗೆ ಅಲ್ಲಿ ಹುಲ್ಲು ಬೆಳೆದು ಯಾರು ಗುಡಿಸಿದ್ದರು ಅನ್ನುವ ಗುರುತೂ ಉಳಿಯುವುದಿಲ್ಲ.

ಲೆಕ್ಕದ ಹೊತ್ತು ಬರುತ್ತದೆ. ಹಾಜರಿ ಪುಸ್ತಕದಲ್ಲಿ ಇಷ್ಟು ದಿನ, ದಿನಕ್ಕೆ ಇಷ್ಟು, ಮುರಿದುಕೊಂಡ ಮುಂಗಡ ಇಷ್ಟು, ಉಳಿದದ್ದು ಇಷ್ಟು. ಅದರ ಮೇಲೆ ಅತಿಥಿ ಖುಷಿಯಾಗಿ ಕೊಟ್ಟ ಭಕ್ಷೀಸು. ಭಕ್ಷೀಸು ಕೂಲಿ ಅಲ್ಲ, ಹಕ್ಕೂ ಅಲ್ಲ. ಮೀನು ಬಿದ್ದರೆ ಉಂಟು, ಬೀಳದಿದ್ದರೆ ಇಲ್ಲ. ಹೊಳೆಯಲ್ಲಿ ಮೀನು ಕಚ್ಚದೆ ಹೋದದ್ದಕ್ಕೆ ಗೈಡಿನ ಮಕ್ಕಳ ಸ್ಲೇಟು ಬಳಪ ನಿಲ್ಲಬೇಕೆ? ಮುಂದಿನ ವರ್ಷ ಬಾ ಅನ್ನುತ್ತಾರೆ. ಮಾತು ಬಾಯಲ್ಲಿ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಅತಿಥಿ ಫೋಟೋ ತೆಗೆದುಕೊಂಡು ಹೋಗಿರುತ್ತಾನೆ. ಆ ಫೋಟೋದಲ್ಲಿ ಮೀನು ನಡುವೆ, ಅತಿಥಿ ಅದರ ಹಿಂದೆ, ಬಾಲದ ಭಾರ ಹೊತ್ತ ಒಂದು ಕಪ್ಪು ಕೈ ಚೌಕಟ್ಟಿನ ಅಂಚಿನಲ್ಲಿ.

ಅಲ್ಲಿಂದ ಈಚೆಗೆ ಆರೇಳು ತಿಂಗಳು ಏನು ಮಾಡುವುದು? ಮಳೆ ಬಿದ್ದರೆ ರಾಗಿ ಹೊಲ, ಅದೂ ಇದ್ದವನಿಗೆ. ಇಲ್ಲದವನಿಗೆ ಕನಕಪುರದ ಕಲ್ಲು ಕ್ವಾರಿ, ಯಾರದೋ ಹಿಪ್ಪುನೇರಳೆ ತೋಟ, ಬೆಂಗಳೂರಿನ ಕಟ್ಟಡದ ಗಾರೆ ಕೆಲಸ. ಹೊಳೆಯ ಒಳಗಿನ ಕಲ್ಲನ್ನು ಕಣ್ಣಿನಿಂದ ಓದುವವನು ಕ್ವಾರಿಯಲ್ಲಿ ಕಲ್ಲು ಒಡೆಯುವ ಆಳು. ಅವನ ವಿದ್ಯೆಗೆ ಬೇಸಿಗೆಯಲ್ಲಿ ಮಾತ್ರ ಬೆಲೆ. ಉಳಿದ ಕಾಲಕ್ಕೆ ಅವನ ರಟ್ಟೆಗೆ ಬೆಲೆ, ಅದೂ ದಿನಗೂಲಿಯ ಬೆಲೆ.

*

ಕಾವೇರಿ ವನ್ಯಜೀವಿಧಾಮ ಘೋಷಣೆಯಾದದ್ದು 1987ರಲ್ಲಿ. ಗಾಳ ಹಾಕುವುದೂ ಬೇಟೆಯೇ ಅನ್ನುವ ಕಾನೂನಿನ ಅರ್ಥ ಬಿಗಿಯಾಗುತ್ತ ಬಂದು, 2012ರ ಹೊತ್ತಿಗೆ ಈ ಕ್ಯಾಂಪುಗಳಲ್ಲಿ ಗಾಳದ ಆಟ ನಿಂತುಹೋಯಿತು. ಲಾಡ್ಜುಗಳು ಬೇರೆ ಬಗೆಯ ಪ್ರವಾಸಿಗಳನ್ನು ಕರೆದುಕೊಂಡು ಮುಂದುವರಿದವು. ಮುಗಿದದ್ದು ಗಾಳದ ಹಂಗಾಮು. ಪ್ರತಿ ವರ್ಷ ಮುಗಿದು ಪ್ರತಿ ವರ್ಷ ಶುರುವಾಗುತ್ತಿದ್ದದ್ದು ಈ ಸಲ ಮುಗಿದೇ ಹೋಯಿತು.

ಆಮೇಲೆ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರ ತನಕ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಂಥ ಮೀನು ಬಿತ್ತು ಅಂತ ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ದಾಖಲೆ ತೆರೆದರು. ಒಟ್ಟು 23,620 ಗಂಟೆ ಗಾಳ, ಹಿಡಿದು ಬಿಟ್ಟ ಮಹಶೀರ್ 6,161, ಒಂದು ಕಿಲೋದಿಂದ 46 ಕಿಲೋ ತನಕ. ವರ್ಷ ಕಳೆದಂತೆ ಮೀನಿನ ಸಂಖ್ಯೆ ಏರಿದೆ, ಗಾತ್ರ ಕುಗ್ಗಿದೆ. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಅಳಿಯುತ್ತಿದೆ. ಇದು ದೊಡ್ಡ ಸಂಶೋಧನೆ. ಆ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ನಿಕ್ಕಿಯಾದದ್ದು 2018ರಲ್ಲಿ. ಅದೇ ವರ್ಷ ಅದು ಲೋಕದ ಅತಿ ಅಪಾಯದ ಜೀವಿಗಳ ಪಟ್ಟಿಗೆ ಸೇರಿತು. ನೂರೈವತ್ತು ವರ್ಷದಿಂದ ಗಾಳಕ್ಕೆ ಬೀಳುತ್ತಿದ್ದ ಮೀನಿಗೆ ಕಡೆಗೂ ಒಂದು ಹೆಸರು ಸಿಕ್ಕಿತು. ಸಂತೋಷ.

ಆದರೆ ಅದೇ ಪುಸ್ತಕವನ್ನು ತಿರುವಿ ಓದಿ. 23,620 ಗಂಟೆ. ಒಬ್ಬ ಅತಿಥಿಗೆ ಒಬ್ಬ ಗೈಡ್ ಅಂತಲೇ ಹಿಡಿದು, ದಿನಕ್ಕೆ ಎಂಟು ಗಂಟೆ ಅಂತ ಭಾಗಿಸಿದರೆ 2,950ಕ್ಕೂ ಹೆಚ್ಚು ಆಳುದಿನ. ಇದು ಮೀನಿನ ಲೆಕ್ಕ ಎಷ್ಟೋ ಅಷ್ಟೇ ಕೂಲಿಯ ಲೆಕ್ಕ. ಗಾಳ ನೀರಿನಲ್ಲಿ ಇದ್ದ ಪ್ರತಿ ಗಂಟೆಯೂ ಯಾರೋ ಹುಟ್ಟು ಹಿಡಿದಿದ್ದರು, ಯಾರೋ ರಾಗಿ ಬೇಯಿಸಿದ್ದರು. 6,161 ಮೀನು ಜೀವಂತ ಹೊಳೆಗೆ ಹೋದದ್ದು ಯಾರದೋ ಕೈ ಅವನ್ನು ನೀರಿನಲ್ಲಿ ಉಸಿರು ಬರುವ ತನಕ ಹಿಡಿದು ನಿಂತಿದ್ದರಿಂದ. ಆ ಕೈಗಳು ಇಲ್ಲದೆ ಆ ವಿಜ್ಞಾನವೂ ಇಲ್ಲ. ಮೀನು ಉಳಿಯಬೇಕು ಅಂತ ಗಾಳ ನಿಲ್ಲಿಸಿದಿರಿ, ನಿಲ್ಲಿಸಿ. ಆದರೆ ಮಡುವಿನ ಮೀನನ್ನು ಗುರುತು ಹಿಡಿಯಬಲ್ಲವನನ್ನು ಜತೆಯಲ್ಲೇ ದಡಕ್ಕೆ ಎಸೆದರೆ ಮೀನು ಕಾಯುವವರು ಯಾರು? ಡೈನಮೈಟ್ ತರುವವನಿಗೆ ಹಂಗಾಮು ಇಲ್ಲ, ವರ್ಷಪೂರ್ತಿ ಅವನದೇ.

*

ಲಾಡ್ಜು ಬೇಡ ಅಂತ ಹೇಳಿದ ಜನವೂ ನಮ್ಮಲ್ಲಿ ಇದ್ದಾರೆ. 1990ರ ದಶಕದಲ್ಲಿ ನಾಗರಹೊಳೆ ಕಾಡಿನೊಳಗೆ, ಮುರ್ಕಲ್ಲಿನಲ್ಲಿ, ಸರ್ಕಾರ ಒಂದು ದೊಡ್ಡ ಹೋಟೆಲ್ ಕಂಪನಿಗೆ ಲಾಡ್ಜು ನಡೆಸಲು ಜಾಗ ಕೊಟ್ಟಿತು. ಸೌದೆ ಆಯಲು ಬಿಡದ, ಜೇನು ಕೀಳಲು ಬಿಡದ ಕಾಡಿನಲ್ಲಿ ಐಷಾರಾಮಿ ಕೋಣೆಗಳು ಎದ್ದವು. ಜೇನುಕುರುಬರು, ಇತರ ಬುಡಕಟ್ಟಿನವರು ಸಮಿತಿ ಕಟ್ಟಿದರು. 1996ರಲ್ಲಿ ಚಳವಳಿ ಮಾಡಿದರು, ಕೋರ್ಟಿಗೂ ಹೋದರು. 1997ರಲ್ಲಿ ರಾಜ್ಯದ ಹೈಕೋರ್ಟು ಆ ಗುತ್ತಿಗೆ ಅರಣ್ಯ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಲಾಡ್ಜು ನಿಂತಿತು. ಮಾವುತನಾಗಿ, ಹೆಜ್ಜೆ ಹಿಡಿಯುವವನಾಗಿ, ಕಸ ಗುಡಿಸುವವಳಾಗಿ ನೂರು ವರ್ಷ ಬಂಗಲೆಯ ಹಿಂಬಾಗಿಲಲ್ಲಿ ನಿಂತವರು ಆ ಒಂದು ಸಲ ಮುಂಬಾಗಿಲಿಗೆ ಬಂದು, ಈ ಅಂಗಳ ಯಾರದು ಅಂತ ಕೇಳಿದರು.

ಬಾಗೇಶ್ವರದ ಹೊಳೆಯಲ್ಲಿ ತೇಲಿಹೋದ ರಿಜಿಸ್ಟರು, ನಾಗರಹೊಳೆಯಲ್ಲಿ ನಿಂತುಹೋದ ಲಾಡ್ಜು, ಈ ಎರಡನ್ನೂ ಬೇಟೆ ಬಂಗಲೆಯ ಚರಿತ್ರೆಯೊಳಗೇ ಸೇರಿಸಬೇಕು. 120 ಪೌಂಡಿನ ಮೀನಿನ ಪಕ್ಕದಲ್ಲೇ ಬರೆಯಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಗಾದೆ ಕಟ್ಟಿದವನು ದಾಟಿ ಹೋದವನೇ ಇರಬೇಕು. ದಾಟಿಸಿದವನು ಕಟ್ಟಿದ್ದರೆ ಗಾದೆ ಬೇರೆ ಇರುತ್ತಿತ್ತು.

ಹಾಗಾದರೆ ಕೇಳಬೇಕಾದ್ದು ಏನು? ಭಕ್ಷೀಸು ಅಲ್ಲ. ಹಂಗಾಮಿಗೆ ಕರೆದು ಹಂಗಾಮಿಗೆ ಬಿಡುವ ಕಡೆಗಳಲ್ಲಿ ಮುಂದಿನ ವರ್ಷದ ಕೆಲಸ ಕಾಗದದಲ್ಲಿ ಇರಬೇಕು. ಮಳೆಗಾಲದಲ್ಲಿ ಮಡು ಕಾಯುವುದು, ಬೆಂಕಿ ಕಾಲದಲ್ಲಿ ಕಾಡು ಕಾಯುವುದು ವರ್ಷಪೂರ್ತಿಯ ಕೆಲಸವಾಗಿ ಅದೇ ದಡದವರಿಗೆ ಸಿಗಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಕೊಟ್ಟ ಮಾತನ್ನು ಅಧಿಕಾರಿಗಳು ಲಾಡ್ಜಿನ ಊಟದ ಮೇಜಿನ ಮೇಲೆ ಮರೆಯಬಾರದು. ಮತ್ತೆ ಎಲ್ಲಿ ಮೀನಿನ ತೂಕ ಬರೆಯುತ್ತಾರೋ, ಎಲ್ಲಿ ಹುಲಿ ಕಂಡ ತಾರೀಖು ಬರೆಯುತ್ತಾರೋ, ಅಲ್ಲಿ ತೋರಿಸಿದವನ ಹೆಸರಿಗೂ ಅವನ ಅವತ್ತಿನ ಕೂಲಿಗೂ ಒಂದೊಂದು ಕಾಲಂ ಎಳೆಯಬೇಕು. ಗೆರೆ ಎಳೆಯುವುದಕ್ಕೆ ಖರ್ಚು ಏನೂ ಇಲ್ಲ. ಅವರು ಎಳೆಯದಿದ್ದರೆ, ಅಕ್ಷರ ಕಲಿತ ನಮ್ಮ ಹುಡುಗರೇ ಪುಸ್ತಕ ಕಿತ್ತುಕೊಂಡು ಎಳೆಯಲಿ.